ಹಳೇ ರೋಡ್ ಸೈಕಲ್ಲಿನ ಬ್ರೇಕು: ರಬ್ಬರ್ ಸಾಕಾ, ಕ್ಯಾಲಿಪರ್ರೇ ಬದಲಾಯಿಸ್ಬೇಕಾ, ಇಲ್ಲಾ ಚಕ್ರನೇ ಹೊಸದು ಬೇಕಾ?

ಹಳೇ ಸ್ಟೀಲ್ ಫ್ರೇಮಿನ ರೋಡ್ ಸೈಕಲ್ ಇಟ್ಕೊಂಡಿರೋರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಸೈಕಲ್ ಹಗುರವಾಗಿ ಓಡುತ್ತೆ, ಗೇರ್ ಸರಿಯಾಗಿ ಬೀಳುತ್ತೆ, ನೋಡೋಕಂತೂ ಕಣ್ಣಿಗೆ ಹಬ್ಬ, ಆದ್ರೆ ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಬೆರಳು ನೋಯುತ್ತೇ ಹೊರತು ಸೈಕಲ್ ನಿಲ್ಲಲ್ಲ. ಒಬ್ರು ರಬ್ಬರ್ ಬದಲಾಯಿಸಿ ಸಾಕು ಅಂತಾರೆ, ಇನ್ನೊಬ್ರು ಡ್ಯುಯಲ್ ಪಿವಟ್ (ಎರಡು ಕೀಲಿನ) ಕ್ಯಾಲಿಪರ್, ಅಂದ್ರೆ ರಿಮ್ಮನ್ನ ಎರಡೂ ಕಡೆಯಿಂದ ಅದುಮೋ ತೋಳಿನ ಜೋಡಿ, ಹಾಕ್ಸಿ ಅಂತಾರೆ, ಮತ್ತೊಬ್ರು ರಿಮ್ಮೇ ಬದಲಾಯಿಸ್ಬೇಕು ಅಂತಾರೆ, ಡಿಸ್ಕ್ ಬ್ರೇಕ್ ಕೂರಿಸೋಕಾಗಲ್ವಾ ಅಂತ ಕೇಳೋರೂ ಇದಾರೆ. ಇವರೆಲ್ಲ ಹೇಳೋದ್ರಲ್ಲೂ ಸತ್ಯ ಇದೆ, ಆದ್ರೆ ಅದು ಅವರವರ ಸೈಕಲ್ಲಿನ ಸತ್ಯ. ನಿಮ್ಮ ಸೈಕಲ್ಲಿಗೆ ಯಾವ್ದು ಅಂತ ನೀವೇ ತೀರ್ಮಾನ ಮಾಡೋ ಹಾಗಾಗ್ಬೇಕು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಮೊದ್ಲು ಯಾವ ಅಳತೆಗೋಲಲ್ಲಿ ತೂಗ್ಬೇಕು ಅನ್ನೋದು ಗೊತ್ತಿರ್ಲಿ. ನಾನು ನೋಡೋದು ಐದು ವಿಷಯ. ಒಂದು, ಒಣ ರಸ್ತೇಲಿ ಹಿಡಿತ ಎಷ್ಟು, ಮಳೇಲಿ ಎಷ್ಟು, ಇವೆರಡೂ ಬೇರೆ ಬೇರೆ ಲೆಕ್ಕ. ಎರಡು, ಅದು ನಿಮ್ಮ ಫ್ರೇಮಿಗೆ, ಫೋರ್ಕಿಗೆ ಕೂರುತ್ತಾ, ಕೂರಿಸೋಕೆ ತೂತು ಕೊರೀಬೇಕಾ. ಮೂರು, ನಿಮ್ಮ ಕೈ: ಅಂಗೈ ಚಿಕ್ಕದಾ, ಬೆರಳಲ್ಲಿ ಶಕ್ತಿ ಎಷ್ಟಿದೆ, ನೀವು ಹೆಚ್ಚಾಗಿ ಹ್ಯಾಂಡಲ್ಲಿನ ಕೆಳಗಡೆ ಹಿಡೀತೀರಾ ಇಲ್ಲಾ ಲಿವರ್ ಮೇಲಿನ ರಬ್ಬರ್ ಹುಡ್ ಮೇಲೆ ಕೈ ಇಡ್ತೀರಾ. ನಾಲ್ಕು, ಸೈಕಲ್ಲಿನ ಹಳೇ ರೂಪ ನಿಮಗೆ ಎಷ್ಟು ಮುಖ್ಯ, ಬೇಕಂದಾಗ ವಾಪಸ್ ಹಳೇ ಸ್ಥಿತಿಗೆ ತರೋಕಾಗುತ್ತಾ. ಐದನೇದು ದುಡ್ಡು. ದುಡ್ಡನ್ನ ಕೊನೇಲಿ ಹೇಳಿದ್ದಕ್ಕೆ ಕಾರಣ ಇದೆ, ಈ ವಿಷಯದಲ್ಲಿ ಅತೀ ಕಮ್ಮಿ ಖರ್ಚಿನ ಬದಲಾವಣೆನೇ ಎಷ್ಟೋ ಸಲ ಅತೀ ಹೆಚ್ಚು ಫಲ ಕೊಡುತ್ತೆ, ಜಾಸ್ತಿ ಖರ್ಚು ಮಾಡಿದ್ರೆ ಜಾಸ್ತಿ ಹಿಡಿತ ಅನ್ನೋ ನಿಯಮ ಇಲ್ಲಿ ನಡೆಯಲ್ಲ.

ಯಾಕೆ ಅಂದ್ರೆ ಬ್ರೇಕ್ ಅನ್ನೋದು ಒಂದು ವಸ್ತು ಅಲ್ಲ. ಬೆರಳಿನ ಬಲ ಲಿವರ್ ಮೂಲಕ ವೈರಿಗೆ ಹೋಗುತ್ತೆ, ವೈರಿಂದ ಕ್ಯಾಲಿಪರ್ ತೋಳಿಗೆ, ಅಲ್ಲಿಂದ ರಬ್ಬರಿಗೆ, ರಬ್ಬರಿಂದ ರಿಮ್ಮಿಗೆ. ಈ ಐದೂ ಒಂದಕ್ಕೊಂದು ಗುಣಿಸ್ಕೊಂಡು ಹೋಗೋ ಲೆಕ್ಕ, ಕೂಡಿಸೋ ಲೆಕ್ಕ ಅಲ್ಲ. ತುಕ್ಕು ಹಿಡಿದಿರೋ ವೈರು ನಿಮ್ಮ ಬಲದಲ್ಲಿ ಅರ್ಧ ತಿಂದ್ಹಾಕಿದ್ರೆ ಮುಂದೆ ಎಂಥ ಕ್ಯಾಲಿಪರ್ ಇದ್ರೂ ಅದಕ್ಕೆ ಸಿಗೋದು ಉಳಿದರ್ಧನೇ. ಹಂಗಾಗಿ ಎಲ್ಲಿ ಸೋರ್ತಿದೆ ಅನ್ನೋದನ್ನ ಮೊದ್ಲು ಕಂಡುಹಿಡೀಬೇಕು.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಸೈಕಲ್ ನಿಲ್ಸಿ, ಯಾರಾದ್ರೂ ಒಬ್ರಿಗೆ ಮುಂದಿನ ಬ್ರೇಕ್ ಲಿವರ್ ಗಟ್ಟಿಯಾಗಿ ಹಿಡ್ದು ಬಿಟ್ಟು ಮಾಡೋಕೆ ಹೇಳಿ, ನೀವು ಮುಂದೆ ಕೂತ್ಕೊಂಡು ನೋಡಿ. ರಬ್ಬರ್ ರಿಮ್ಮಿಗೆ ತಾಗಿದ ಮೇಲೂ ಲಿವರ್ ಒಳಗೆ ಹೋಗ್ತಾನೇ ಇದ್ರೆ ಎಲ್ಲೋ ಏನೋ ಬಾಗ್ತಿದೆ ಅಂತ ಅರ್ಥ: ವೈರಿನ ಔಟರ್ (ವೈರ್ ಹಾಯೋ ಹೊರಗಿನ ಕೊಳವೆ) ಕುಗ್ತಿದೆಯಾ, ಕ್ಯಾಲಿಪರ್ ತೋಳು ಮುಂದಕ್ಕೆ ತಿರುಚ್ಕೋತಿದೆಯಾ, ಲಿವರ್ ಹ್ಯಾಂಡಲ್ ಮೇಲೆ ಜಾರ್ತಿದೆಯಾ, ಎಲ್ಲಾ ಕಣ್ಣಿಗೇ ಕಾಣುತ್ತೆ. ಲಿವರ್ ಅರ್ಧಕ್ಕೇ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತ್ಕೊಂಡು, ಆದ್ರೂ ರಸ್ತೇಲಿ ಸೈಕಲ್ ನಿಲ್ತಿಲ್ಲ ಅಂದ್ರೆ ತಪ್ಪು ರಬ್ಬರ್ ಅಥವಾ ರಿಮ್ಮಿಂದು, ಇಲ್ಲಾಂದ್ರೆ ಲಿವರ್ರೂ ಕ್ಯಾಲಿಪರ್ರೂ ಒಂದಕ್ಕೊಂದು ಹೊಂದೋ ಜೋಡಿ ಅಲ್ಲ. ಬಿಟ್ಟಾಗ ಲಿವರ್ ನಿಧಾನಕ್ಕೆ ವಾಪಸ್ ಬಂದ್ರೆ ವೈರೋ ಪಿವಟ್ಟೋ ಒಣಗಿದೆ.

ಇನ್ನೊಂದು ಮಾತು, ಇದು ಖರ್ಚಿನ ಲೆಕ್ಕಕ್ಕೆ ತುಂಬಾ ಮುಖ್ಯ. ಜೋರಾಗಿ ನಿಲ್ಸೋ ಕೆಲಸ ಬಹುತೇಕ ಮುಂದಿನ ಬ್ರೇಕಿಂದು. ಬ್ರೇಕ್ ಹಿಡಿದ ಕೂಡ್ಲೇ ಭಾರ ಎಲ್ಲಾ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರ ಆಗಿ ಬೇಗ ಜಾರುತ್ತೆ, ಅದಕ್ಕೆ ಎಷ್ಟು ಬಲ ಕೊಟ್ರೂ ಒಂದು ಮಟ್ಟದ ಮೇಲೆ ಪ್ರಯೋಜನ ಇಲ್ಲ. ಎರಡೂ ಕಡೆ ಒಟ್ಟಿಗೆ ಬದಲಾಯಿಸೋಕೆ ದುಡ್ಡಿಲ್ಲ ಅಂದ್ರೆ ಮುಂದಿಂದು ಮಾತ್ರ ಮಾಡ್ಸಿ, ಹಿಂದಿಂದು ಆಮೇಲೆ ನೋಡ್ಕೊಳ್ಳೋಣ.

ರಬ್ಬರ್

ಎಲ್ಲರೂ ಇಲ್ಲಿಂದಲೇ ಶುರು ಮಾಡ್ಲಿ ಅನ್ನೋದು ನನ್ನ ಅಭಿಪ್ರಾಯ. ಹಳೇ ರಬ್ಬರ್ ಸವೀದೇ ಇದ್ರೂ ವಯಸ್ಸಾಗಿ ಗಟ್ಟಿ ಆಗುತ್ತೆ, ಉಗುರಲ್ಲಿ ಒತ್ತಿ ನೋಡಿ, ಒಂಚೂರೂ ಗುರುತು ಬೀಳ್ದೇ ಮೇಲ್ಮೈ ಗಾಜಿನ ಹಾಗೆ ಹೊಳೀತಿದ್ರೆ ಅದರ ಆಯಸ್ಸು ಮುಗ್ದಿದೆ. ಹಳೇ ಸೈಕಲ್ ಓಡ್ಸೋರು ಹೆಚ್ಚಾಗಿ ಹೇಳೋ ಹೆಸರು ಕೂಲ್ ಸ್ಟಾಪ್ ಕಂಪನಿಯ ಸಾಲ್ಮನ್ ಬಣ್ಣದ ರಬ್ಬರ್, ಆ ಕೇಸರಿ ಗುಲಾಬಿ ಮಿಶ್ರಣದ್ದು. ಮಳೇಲಿ ಮಾಮೂಲಿ ಕಪ್ಪು ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತೆ, ರಿಮ್ಮನ್ನೂ ಕಮ್ಮಿ ಕೆರೆಯುತ್ತೆ. ಹಳೇ ಕ್ಯಾಲಿಪರಿಗೆ ಒಪ್ಪೋ ಆಕಾರದಲ್ಲೂ ಸಿಗುತ್ತೆ, ಹಂಗಾಗಿ ಸೈಕಲ್ಲಿನ ರೂಪಕ್ಕೆ ಧಕ್ಕೆ ಇಲ್ಲ.

ತಗೊಳ್ಳೋವಾಗ ಒಂದು ನೋಡಿ, ನಿಮ್ಮ ಕ್ಯಾಲಿಪರಲ್ಲಿ ರಬ್ಬರ್ ಹಿಂದೆ ಮರೆ (ಥ್ರೆಡ್) ಇರೋ ಬೋಲ್ಟ್ ಇದ್ಯಾ, ಇಲ್ಲಾ ಮರೆ ಇಲ್ಲದ ನುಣುಪು ಕಡ್ಡಿ ಇದ್ಯಾ. ಬಹುಪಾಲು ಸೈಕಲ್ಲಲ್ಲಿ ಮರೆ ಇರೋದೇ, ಆದ್ರೆ ಫ್ರಾನ್ಸಿನ ಮಫಾಕ್ ಬ್ರೇಕಲ್ಲಿ ನುಣುಪು ಕಡ್ಡಿ ಬರುತ್ತೆ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಆಮೇಲೆ ಒಂದು ಕಡೆ ತೆರೆದಿರೋ ಲೋಹದ ಹೋಲ್ಡರ್ ಒಳಗೆ ರಬ್ಬರ್ ಜಾರಿಸಿ ಹಾಕೋ ಥರದ್ದಾದ್ರೆ ಮುಚ್ಚಿರೋ ತುದಿ ಸೈಕಲ್ ಹೋಗೋ ದಿಕ್ಕಿಗೇ, ಅಂದ್ರೆ ಮುಂದಕ್ಕೇ ಇರ್ಬೇಕು. ಉಲ್ಟಾ ಹಾಕಿದ್ರೆ ಜೋರಾಗಿ ಬ್ರೇಕ್ ಹಿಡಿದ ಕ್ಷಣಕ್ಕೇ ತಿರುಗ್ತಿರೋ ರಿಮ್ಮು ರಬ್ಬರನ್ನ ಹೋಲ್ಡರಿಂದ ಎಳೆದು ಹೊರಗೆ ಬಿಸಾಕುತ್ತೆ. ಇದನ್ನ ದಯವಿಟ್ಟು ಎರಡು ಸಲ ನೋಡ್ಕೊಳ್ಳಿ.

ಕೂರಿಸೋವಾಗ ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಮೊದ್ಲು ತಾಗೋ ಹಾಗೆ, ಹಿಂದೆ ಒಂದು ಎಂಎಂ ಸಂದು ಬಿಟ್ರೆ ಕಿರ್ ಅನ್ನೋ ಸದ್ದು ಬಹುತೇಕ ನಿಲ್ಲುತ್ತೆ. ಹಳೇ ಕ್ಯಾಲಿಪರಲ್ಲಿ ಹಾಗೆ ಓರೆ ಮಾಡೋಕೆ ವ್ಯವಸ್ಥೆ ಇರಲ್ಲ, ತೋಳನ್ನೇ ಪಾನಾ ಹಾಕಿ ಬಗ್ಗಿಸ್ತಿದ್ರು, ಅದರ ಬದ್ಲು ಉಬ್ಬು ತಗ್ಗಿನ ವಾಷರ್ ಜೊತೆ ಬರೋ ಶೂ (ಬೋಲ್ಟ್ ಸಮೇತ ಇರೋ ಬ್ರೇಕ್ ರಬ್ಬರ್) ತಗೊಂಡ್ರೆ ಬೇಕಾದ ಕೋನಕ್ಕೆ ತಿರುಗಿಸಿ ಬಿಗಿ ಮಾಡ್ಬಹುದು. ಜೊತೆಗೆ ರಿಮ್ಮನ್ನ ಸ್ಪಿರಿಟ್ ಹಾಕಿ ಒರೆಸಿ, ಹಳೇ ರಬ್ಬರಿನ ಕಪ್ಪು ಪದರ ಹೋಗೋವರೆಗೂ.

ವೈರು ಮತ್ತು ಔಟರ್

ರಬ್ಬರ್ ಆದ್ಮೇಲೆ ಇದು, ಸಾಧ್ಯ ಆದ್ರೆ ಎರಡೂ ಒಟ್ಟಿಗೆ. ಹಳೇ ಔಟರ್ ಒಳಗೆ ಪ್ಲಾಸ್ಟಿಕ್ ಪದರ ಇರ್ತಿರ್ಲಿಲ್ಲ, ಲೋಹದ ಸುರುಳಿ ಮೇಲೆ ಲೋಹದ ವೈರು ನೇರ ಉಜ್ಜುತ್ತೆ, ಗ್ರೀಸ್ ಒಣಗಿ ತುಕ್ಕು ಬಂದ್ರೆ ಕಥೆ ಮುಗೀತು. ಈಗ ಸಿಗೋ 5 ಎಂಎಂ ಬ್ರೇಕ್ ಔಟರ್ ಒಳಗೆ ನುಣುಪು ಪದರ ಇರುತ್ತೆ, ಅದರ ಜೊತೆ ಸ್ಟೇನ್‌ಲೆಸ್ ಒಳವೈರ್ ಹಾಕಿದ್ರೆ ಅದೇ ಲಿವರ್ ಬೇರೆ ಸೈಕಲ್ಲಿಂದೇನೋ ಅನ್ನೋ ಥರ ಆಗುತ್ತೆ. ಗೇರ್ ವೈರಿನ ಔಟರ್ ಮಾತ್ರ ಬ್ರೇಕಿಗೆ ಹಾಕ್ಲೇಬೇಡಿ. ಅದರೊಳಗೆ ತಂತಿಗಳು ಸುರುಳಿ ಆಗಿರ್ದೇ ಉದ್ದಕ್ಕೆ ಇರುತ್ತೆ, ಬ್ರೇಕ್ ಹಿಡಿಯೋ ಬಲಕ್ಕೆ ಸೀಳ್ಕೊಂಡು ಬಿಡಬಹುದು, ಅಲ್ಲಿಗೆ ಬ್ರೇಕೇ ಇಲ್ಲ. ಒಳವೈರಿನ ಗುಂಡೂ ನೋಡ್ಕೊಳ್ಳಿ, ರೋಡ್ ಲಿವರಿಗೆ ಹೋಗೋದು ಚಿಕ್ಕ ಪೇರಲೆಕಾಯಿ ಆಕಾರದ್ದು, ಎಂಟಿಬಿ, ಅಂದ್ರೆ ಮೌಂಟನ್ ಸೈಕಲ್ಲಿಂದು ದಪ್ಪ ಪೀಪಾಯಿ ಥರ ಇರುತ್ತೆ.

ಕತ್ತರಿಸಿದ ತುದಿ ಬಗ್ಗೆ ಯಾರೂ ಗಮನ ಕೊಡಲ್ಲ. ಔಟರ್ ಕತ್ತರಿಸಿದಾಗ ಒಳಗಿನ ಸುರುಳಿ ಕೊಕ್ಕೆ ಥರ ಬಾಗಿರುತ್ತೆ, ಅದನ್ನ ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿ, ಒಳಪದರದ ಬಾಯನ್ನ ಮೊನಚಾದ ಯಾವ್ದಾದ್ರಲ್ಲೂ ಚುಚ್ಚಿ ಅಗಲ ಮಾಡಿ, ತುದಿಗೆ ಕ್ಯಾಪ್ ಹಾಕಿ ಕೂರಿಸ್ಬೇಕು. ಇದಿಷ್ಟು ಮಾಡದೇ ಇದ್ರೆ ಬ್ರೇಕ್ ಹಿಡಿದಾಗೆಲ್ಲ ಆ ಕೊಕ್ಕೆ ಕುಗ್ಗಿ ಲಿವರ್ ಸ್ಪಂಜ್ ಥರ ಅನ್ಸುತ್ತೆ, ಜನ ಕ್ಯಾಲಿಪರಿಗೆ ಬಯ್ತಾರೆ.

ರಿಮ್: ಎಲ್ಲಕ್ಕಿಂತ ದೊಡ್ಡ ತಿರುವು ಇಲ್ಲಿ

ಒಂದು ಅಯಸ್ಕಾಂತ ತಗೊಂಡು ರಿಮ್ಮಿಗೆ ಹಿಡೀರಿ. ಅಂಟ್ಕೊಂಡ್ರೆ ಸ್ಟೀಲು, ಅಂಟದೇ ಇದ್ರೆ ಅಲ್ಯೂಮಿನಿಯಂ. ಈ ಒಂದು ನಿಮಿಷದ ಪರೀಕ್ಷೆ ಮಾಡದೇ ದುಬಾರಿ ಕ್ಯಾಲಿಪರ್ ತಗೊಳ್ಳೋರನ್ನ ನೋಡಿದ್ರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಕ್ರೋಮ್ ಹೊಡೆದಿರೋ ಸ್ಟೀಲ್ ರಿಮ್ ಒಣಗಿದ್ದಾಗ ಪರವಾಗಿಲ್ಲ ಅನ್ನೋ ಹಾಗಿರುತ್ತೆ, ಆದ್ರೆ ಒದ್ದೆ ಆದ್ರೆ ಆ ನುಣುಪು ಮೇಲ್ಮೈ ಮೇಲೆ ನೀರಿನ ಪದರ ನಿಂತು ರಬ್ಬರ್ ಸುಮ್ನೆ ಜಾರುತ್ತೆ, ಚಕ್ರ ಎಷ್ಟೋ ಸುತ್ತು ತಿರುಗಿದ ಮೇಲೆ ಹಿಡಿತ ಶುರುವಾಗುತ್ತೆ, ಅಷ್ಟರಲ್ಲಿ ನೀವು ಸಿಗ್ನಲ್ ದಾಟಿ ಆಗಿರುತ್ತೆ. ಅದಕ್ಕೆ ಯಾವ ಕ್ಯಾಲಿಪರ್ರೂ ಮದ್ದಲ್ಲ.

ಸ್ಟೀಲ್ ರಿಮ್ ಇರೋರಿಗೆ ಮೂರು ದಾರಿ. ಒಂದು, ಮಳೇಲಿ ಓಡ್ಸೋದೇ ಇಲ್ಲ ಅನ್ನೋರು ಸಾಲ್ಮನ್ ರಬ್ಬರ್ ಹಾಕ್ಕೊಂಡು ನೆಮ್ಮದಿಯಾಗಿರ್ಬಹುದು. ಎರಡು, ಕ್ರೋಮ್ ರಿಮ್ಮಿಗೇ ಅಂತ ಮಾಡಿದ ಚರ್ಮದ ಮುಖದ ಬ್ರೇಕ್ ಶೂ ಇದೆ, ಒದ್ದೇಲಿ ರಬ್ಬರಿಗಿಂತ ವಾಸಿ, ಹಳೇ ರೂಪ ಪೂರ್ತಿ ಉಳಿಯುತ್ತೆ, ಆದ್ರೂ ಅಲ್ಯೂಮಿನಿಯಂ ಮಟ್ಟಕ್ಕೆ ಬರಲ್ಲ. ಮೂರನೇದು ರಿಮ್ ಬದಲಾಯಿಸೋದು, ಖರ್ಚು ಜಾಸ್ತಿ, ಆದ್ರೆ ಫಲ ಅದಕ್ಕಿಂತ ಜಾಸ್ತಿ. ಹಿಡಿತ ಸುಧಾರಿಸೋದಲ್ದೇ ಚಕ್ರದ ತೂಕನೂ ಇಳಿಯುತ್ತೆ, ಓಡ್ಸೋದೇ ಬೇರೆ ಥರ ಅನ್ಸುತ್ತೆ. ಹಳೇ ಹಬ್ (ಚಕ್ರದ ನಡುವಿನ ಗುಂಭ) ಚೆನ್ನಾಗಿದ್ರೆ ಅದನ್ನೇ ಇಟ್ಕೊಂಡು ಹೊಸ ಕಡ್ಡಿ (ಸ್ಪೋಕ್), ಹೊಸ ರಿಮ್ ಹಾಕಿ ಕಟ್ಟಿಸ್ಬಹುದು, ಆಗ ಹಳೇ ಗೇರಿಗೂ ಫ್ರೇಮಿನ ಹಿಂದಿನ ಅಗಲಕ್ಕೂ ಏನೂ ತೊಂದ್ರೆ ಇಲ್ಲ. ಪೂರಾ ಹೊಸ ಚಕ್ರ ತಗೊಂಡ್ರೆ ಹಿಂದಿನ ಅಗಲ ನೋಡ್ಬೇಕಾಗುತ್ತೆ, ಹಳೇ ಫ್ರೇಮಲ್ಲಿ ಸಾಮಾನ್ಯವಾಗಿ 120 ಅಥವಾ 126 ಎಂಎಂ ಇರುತ್ತೆ, ಆಮೇಲೆ ಬಂದ ರಿಮ್ ಬ್ರೇಕ್ ರೋಡ್ ಹಬ್ 130.

ಇಲ್ಲೇ ಇನ್ನೊಂದು ಗಂಟಿದೆ. ಹಳೇ ಸೈಕಲ್ಲುಗಳಲ್ಲಿ ತುಂಬಾ ಕಡೆ 27 ಇಂಚಿನ ಚಕ್ರ, ಅದರ ಟಯರ್ ಕೂರೋ ವ್ಯಾಸ 630 ಎಂಎಂ. ಈಗಿನ 700ಸಿ ಚಕ್ರದ್ದು 622. ವ್ಯಾಸದಲ್ಲಿ 8, ಅಂದ್ರೆ ರಿಮ್ಮಿನ ಅಂಚು 4 ಎಂಎಂ ಒಳಗೆ ಸರಿಯುತ್ತೆ, ಬ್ರೇಕ್ ರಬ್ಬರ್ 4 ಎಂಎಂ ಕೆಳಗೆ ಇಳೀಬೇಕು. ನಿಮ್ಮ ಈಗಿನ ಕ್ಯಾಲಿಪರ್ ತೋಳಿನ ಸಂದಿಯಲ್ಲಿ ರಬ್ಬರ್ ಇಳಿಸೋಕೆ ಅಷ್ಟು ಜಾಗ ಇದ್ಯಾ ನೋಡಿ, ಇದ್ರೆ 700ಸಿಗೆ ಹೋಗಿ, ಟಯರ್ ಆಯ್ಕೆ ಹತ್ತು ಪಟ್ಟು ಸಿಗುತ್ತೆ. ಇಲ್ಲಾಂದ್ರೆ 27 ಇಂಚಿನ ಅಲ್ಯೂಮಿನಿಯಂ ರಿಮ್ಮೇ ಹುಡುಕಿ, ಇಲ್ಲಾ ಕ್ಯಾಲಿಪರ್ ಜೊತೆಗೇ ಬದಲಾಯಿಸೋ ಲೆಕ್ಕ ಹಾಕಿ.

ಈಗಾಗ್ಲೇ ಅಲ್ಯೂಮಿನಿಯಂ ರಿಮ್ ಇರೋರು ಅದರ ಪಕ್ಕದ ಗೋಡೆ ಮೇಲೆ ಬೆರಳಾಡಿಸಿ, ಒಳಕ್ಕೆ ತಗ್ಗಾಗಿದ್ರೆ ಸವೆದಿದೆ ಅಂತ, ಅಂಥ ರಿಮ್ ಮೇಲೆ ಗಟ್ಟಿ ಬ್ರೇಕ್ ಹಾಕೋದು ಅಪಾಯ.

ಕ್ಯಾಲಿಪರ್

ಎಲ್ಲರ ಕಣ್ಣೂ ಇದರ ಮೇಲೇ. ಮೊದ್ಲು ಅಳತೆ. ಫೋರ್ಕಿನಲ್ಲಿ ಬ್ರೇಕ್ ಬೋಲ್ಟ್ ಹೋಗೋ ತೂತಿನ ನಡುವಿಂದ ಕೆಳಗೆ, ರಿಮ್ಮಿನ ಬ್ರೇಕ್ ತಾಗೋ ಪಟ್ಟಿಯ ನಡುವಿನವರೆಗೆ ಎಷ್ಟು ಎಂಎಂ ಅಂತ ನೋಡಿ, ಇದಕ್ಕೆ ರೀಚ್ ಅಂತಾರೆ. ಹಿಂದೆನೂ ಬೇರೆಯಾಗಿ ಅಳೀರಿ, ಹಿಂದಿನದು ಎಷ್ಟೋ ಫ್ರೇಮಲ್ಲಿ ಜಾಸ್ತಿ ಇರುತ್ತೆ. ಚಕ್ರ ಬದಲಾಯಿಸೋ ಯೋಚನೆ ಇದ್ರೆ ಆ 4 ಎಂಎಂ ಸೇರಿಸಿ. ಈಗಿನ ರೇಸ್ ಸೈಕಲ್ಲಿನ ಮಾಮೂಲಿ ಕ್ಯಾಲಿಪರ್ ರೀಚ್ 39ರಿಂದ 49, ಅದರ ಮೇಲಿನದು 47ರಿಂದ 57, ಟೆಕ್ಟ್ರೋ ಆರ್539, ಶಿಮಾನೋ ಆರ್451 ಈ ಗುಂಪಿನವು. ಇನ್ನೂ ಉದ್ದ ಬೇಕಾದ್ರೆ ಟೆಕ್ಟ್ರೋ ಆರ್559, 55ರಿಂದ 73ರವರೆಗೆ. ಮಡ್‌ಗಾರ್ಡಿಗೆ ಜಾಗ ಬಿಟ್ಟು ಮಾಡಿದ ಹಳೇ ಟೂರಿಂಗ್ ಫ್ರೇಮುಗಳು ಹೆಚ್ಚಾಗಿ ಕೊನೇ ಎರಡು ಗುಂಪಲ್ಲಿ ಬೀಳ್ತವೆ. ಅಳೀದೇ ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಕ್ತು ಅಂತ ಮಾಮೂಲಿ ರೇಸ್ ಕ್ಯಾಲಿಪರ್ ತಂದ್ರೆ ರಬ್ಬರ್ ಟಯರಿಗೆ ಹೋಗಿ ಕೂರುತ್ತೆ, ಟಯರ್ ಸಿಗಿದು ಹೋಗುತ್ತೆ.

ಎರಡನೇ ಅಡ್ಡಿ ಬೋಲ್ಟು. ಹಳೇದರಲ್ಲಿ ಉದ್ದ ಬೋಲ್ಟ್ ಫೋರ್ಕ್ ತೂರಿ ಹಿಂದೆ ಬಂದು ಮಾಮೂಲಿ ನಟ್ ಬೀಳುತ್ತೆ. ಈಗಿನದರಲ್ಲಿ ಗಿಡ್ಡ ಬೋಲ್ಟು, ಕೊಳವೆ ಥರದ ಅಲೆನ್ ನಟ್ ಹಿಂದಿನಿಂದ ಫೋರ್ಕಿನ ಒಳಗೇ ಹೋಗುತ್ತೆ, ಅದಕ್ಕೆ ಹಿಂದಿನ ತೂತು 8 ಎಂಎಂ ಬೇಕು, ಹಳೇ ಫೋರ್ಕಲ್ಲಿ 6 ಎಂಎಂ ಚಿಲ್ರೆ ಇರುತ್ತೆ. ಫೋರ್ಕ್ ಕ್ರೌನಿನ (ಫೋರ್ಕಿನ ಎರಡು ಕಾಲು ಸೇರೋ ಮೇಲ್ಭಾಗದ) ಹಿಂದಿನ ಗೋಡೆ ಮಾತ್ರ 8ಕ್ಕೆ ಕೊರೆದ್ರೆ ಸಾಕು, ಮುಂದಿನ ಗೋಡೆ ಮುಟ್ಬಾರ್ದು. ಕೊರೆಯೋಕೆ ಮನಸ್ಸಿಲ್ಲ ಅನ್ನೋರಿಗೆ ನಟ್ ಬೋಲ್ಟ್ ಮಾದರಿಯಲ್ಲೇ ಬರೋ ಕ್ಯಾಲಿಪರುಗಳೂ ಇವೆ, ಸ್ವಲ್ಪ ಹುಡುಕ್ಬೇಕು ಅಷ್ಟೇ. ಹಿಂದಿನ ಬ್ರೇಕಿಗೆ ಇನ್ನೊಂದು ಉಪಾಯ, ಮುಂದಿನ ಕ್ಯಾಲಿಪರಿನ ಬೋಲ್ಟ್ ಹಿಂದಿನದಕ್ಕಿಂತ ಉದ್ದ ಇರುತ್ತೆ, ಅದನ್ನ ಹಿಂದೆ ಹಾಕಿ ಮಾಮೂಲಿ 6 ಎಂಎಂ ನೈಲಾಕ್ (ತಾನಾಗೇ ಸಡಿಲ ಆಗದ) ನಟ್ಟಲ್ಲಿ ಬಿಗಿ ಮಾಡಿದ್ರೆ ಅಲ್ಲಿ ಕೊರೆಯೋದೇ ಬೇಡ. ಯಾವ ದಾರಿ ಹಿಡಿದ್ರೂ ನಟ್ಟು ಬೋಲ್ಟಿನ ಮರೆ ಮೇಲೆ ಕನಿಷ್ಠ ಐದಾರು ಪೂರ್ತಿ ಸುತ್ತು ಕೂತಿರ್ಲೇಬೇಕು.

ಈಗ ನಿಮ್ಮಲ್ಲಿ ಇರೋ ಕ್ಯಾಲಿಪರ್ ಯಾವ್ದು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಸೆಂಟರ್ ಪುಲ್ ಇದ್ರೆ, ಅಂದ್ರೆ ವೈರ್ ನಡುವೆ ಬಂದು ಅಡ್ಡ ವೈರನ್ನ ಮೇಲಕ್ಕೆ ಎಳೆಯೋ ಥರದ್ದು, ಮಫಾಕ್, ವೈನ್‌ಮನ್, ಯೂನಿವರ್ಸಲ್, ಡಯಾ ಕಾಂಪೆ ಇವೆಲ್ಲಾ ಮಾಡ್ತಿದ್ದಿದ್ದು, ಕ್ಯಾಲಿಪರ್ ಬಿಸಾಕೋಕೆ ಹೋಗ್ಬೇಡಿ. ಇದರ ರೀಚ್ ಉದ್ದ, ಎರಡು ತೋಳಿಗೆ ಎರಡು ಪಿವಟ್, ಒಳ್ಳೇ ರಬ್ಬರ್ ಒಳ್ಳೇ ವೈರ್ ಕೊಟ್ರೆ ತುಂಬಾ ಚೆನ್ನಾಗಿ ನಿಲ್ಸುತ್ತೆ. ಪಿವಟ್ ಬಿಚ್ಚಿ ಒರೆಸಿ ಗ್ರೀಸ್ ಹಾಕಿ, ಅಡ್ಡ ವೈರನ್ನ ಟಯರಿಗೋ ಮಡ್‌ಗಾರ್ಡಿಗೋ ತಾಗದಷ್ಟು ಕೆಳಗೆ ಇಡಿ, ಕೆಳಗಿದ್ದಷ್ಟೂ ಹಿಡಿತ ಸ್ವಲ್ಪ ಏರುತ್ತೆ.

ಸೈಡ್ ಪುಲ್ ಸಿಂಗಲ್ ಪಿವಟ್ ಇದ್ರೆ, ಅಂದ್ರೆ ವೈರ್ ಒಂದು ಪಕ್ಕಕ್ಕೆ ಬಂದು ಎರಡೂ ತೋಳು ಒಂದೇ ಕೀಲಿನ ಮೇಲೆ ತಿರುಗೋ ಥರದ್ದು, ಅದರಲ್ಲೂ ಎರಡು ಥರ. ಕ್ಯಾಂಪಗ್ನೋಲೋ ರೆಕಾರ್ಡ್ ಥರದ ಗಟ್ಟಿ ತೋಳಿನ ಕ್ಯಾಲಿಪರ್ ಇದ್ರೆ ಅದು ಸೈಕಲ್ಲಿನ ಬೆಲೆಯಲ್ಲೇ ಒಂದು ಭಾಗ, ಇಟ್ಕೊಳ್ಳಿ. ಬೆರಳಿಗೆ ಜಾಸ್ತಿ ಬಲ ಬೇಕಾಗುತ್ತೆ, ಆದ್ರೆ ಎಷ್ಟು ಒತ್ತಿದ್ರೆ ಎಷ್ಟು ಹಿಡಿಯುತ್ತೆ ಅನ್ನೋದು ಕೈಗೆ ಸ್ಪಷ್ಟವಾಗಿ ತಿಳಿಯುತ್ತೆ. ಅದೇ ಅಗ್ಗದ ಸೈಕಲ್ಲಲ್ಲಿ ಬಂದ ತೆಳು ತೋಳಿನ ಉದ್ದ ಸೈಡ್ ಪುಲ್, ಹಿಡಿದಾಗ ತೋಳೇ ತಿರುಚ್ಕೊಳ್ಳುತ್ತೆ, ಒಂದು ಕಡೆ ರಬ್ಬರ್ ಯಾವಾಗ್ಲೂ ರಿಮ್ಮಿಗೆ ಉಜ್ಜುತ್ತೆ, ಸರಿ ಮಾಡಿದ್ರೆ ನಾಳೆ ಮತ್ತೆ ಅದೇ. ಡ್ಯುಯಲ್ ಪಿವಟ್ ಹಾಕ್ಸಿದ್ರೆ ಪೂರ್ತಿ ಲಾಭ ಸಿಗೋದು ಇಂಥವರಿಗೇ.

1990ರ ದಶಕದಲ್ಲಿ ಶಿಮಾನೋ ಈ ಡ್ಯುಯಲ್ ಪಿವಟ್ಟನ್ನ ರೋಡ್ ಸೈಕಲ್ಲಲ್ಲಿ ಮಾಮೂಲು ಮಾಡ್ತು. ಎರಡು ತೋಳೂ ಬೇರೆ ಬೇರೆ ಪಿವಟ್ ಮೇಲೆ ತಿರುಗಿ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರೋದ್ರಿಂದ ಎರಡೂ ಕಡೆ ಸಮ ಸರಿಯುತ್ತೆ, ನಡುವಿಗೆ ತರೋ ತಲೆನೋವು ಹೋಯ್ತು, ಬೆರಳಿನ ಅದೇ ಬಲಕ್ಕೆ ರಿಮ್ ಮೇಲೆ ಬೀಳೋ ಒತ್ತಡನೂ ಜಾಸ್ತಿ. ಆದ್ರೆ ಇದಕ್ಕೆ ಒಂದು ಬೆಲೆ ಕಟ್ಬೇಕು: ಬಲ ಜಾಸ್ತಿ ಆದಷ್ಟೂ ರಬ್ಬರ್ ಚಲಿಸೋ ದೂರ ಕಮ್ಮಿ, ಹಂಗಾಗಿ ರಬ್ಬರನ್ನ ರಿಮ್ಮಿಗೆ ತೀರಾ ಹತ್ತಿರ ಇಡ್ಬೇಕು, ಚಕ್ರ ಸ್ವಲ್ಪ ಡೊಂಕಿದ್ರೂ ಉಜ್ಜುತ್ತೆ. ಹಳೇ ಚಕ್ರ ಅಲ್ಲಾಡ್ತಿದ್ರೆ ಕ್ಯಾಲಿಪರಿಗೆ ಮುಂಚೆ ಕಡ್ಡಿ ಬಿಗಿ ಮಾಡ್ಸಿ ಚಕ್ರ ನೇರ ಮಾಡ್ಸಿ. ಇನ್ನೊಂದು, ಒಂದೇ ಕ್ಯಾಲಿಪರಲ್ಲಿ ರಬ್ಬರ್ ಸಂದಿಯ ಮೇಲಿನ ತುದೀಲಿದ್ರೆ ಸಿಗೋ ಬಲ ಕೆಳಗಿನ ತುದೀಲಿದ್ರೆ ಸಿಗಲ್ಲ, ಅಳತೆ ಎರಡು ಗುಂಪಿಗೂ ಬಿದ್ರೆ, ಉದಾಹರಣೆಗೆ 56 ಬಂದ್ರೆ, ಯಾವ್ದು ಅಂತ ಯೋಚಿಸೋವಾಗ ಇದು ನೆನಪಿರ್ಲಿ. ನಾನಾದ್ರೆ ಅಂಥ ಕಡೆ ಗಿಡ್ಡ ತೋಳಿಂದೇ ತಗೋತೀನಿ, ಉದ್ದ ತೋಳು ಬಾಗೋದು ಜಾಸ್ತಿ.

ಲಿವರ್

ಹಳೇ ಲಿವರಲ್ಲಿ ವೈರ್ ಮೇಲಿಂದ ಹೊರಗೆ ಬಂದು ಬಳ್ಳಿ ಥರ ಬಾಗಿ ಹೋಗುತ್ತೆ, 1980ರ ದಶಕದಲ್ಲಿ ಬಂದ ಏರೋ ಲಿವರಲ್ಲಿ ವೈರ್ ಹ್ಯಾಂಡಲ್ ಟೇಪಿನ ಕೆಳಗೇ ಹೋಗುತ್ತೆ. ನೋಟದ ವ್ಯತ್ಯಾಸ ಬಿಡಿ, ಕೈಗೆ ಆಗೋ ವ್ಯತ್ಯಾಸ ಮುಖ್ಯ. ಹಳೇದರಲ್ಲಿ ಹುಡ್ ಮೇಲೆ ಕೈ ಇಟ್ಟು ಬ್ರೇಕ್ ಹಿಡಿದ್ರೆ ಬೆರಳು ಪಿವಟ್ ಹತ್ರನೇ ಬೀಳುತ್ತೆ, ಬಲ ಸಿಗಲ್ಲ, ಜೋರಾಗಿ ನಿಲ್ಸೋಕೆ ಕೆಳಗೆ ಹಿಡೀಲೇಬೇಕು. ಏರೋ ಲಿವರಲ್ಲಿ ಪಿವಟ್ ಜಾಗ ಬದಲಾಗಿರೋದ್ರಿಂದ ಹುಡ್ ಮೇಲಿಂದನೇ ಸಾಕಷ್ಟು ಹಿಡಿತ ಸಿಗುತ್ತೆ. ಬಾಗೋಕೆ ಬೆನ್ನು ಬಿಡಲ್ಲ, ಯಾವಾಗ್ಲೂ ಹುಡ್ ಮೇಲೇ ಕೈ ಇಡೋದು ಅನ್ನೋರು ಕ್ಯಾಲಿಪರಿಗಿಂತ ಮುಂಚೆ ಲಿವರ್ ಬಗ್ಗೆ ಯೋಚಿಸಿ. ಟೆಕ್ಟ್ರೋದಲ್ಲಿ ಚಿಕ್ಕ ಕೈಯವರಿಗೆ ಅಂತಲೇ ಬೇರೆ ಮಾದರಿ ಇದೆ.

ಜೋಡಿ ಮಾಡೋವಾಗ ಎಡವೋದು ಇಲ್ಲೇ. ಶಿಮಾನೋ 80ರ ದಶಕದ ಮಧ್ಯದಲ್ಲಿ ಎಸ್‌ಎಲ್‌ಆರ್ ಅಂತ ತಂದಾಗ ಕ್ಯಾಲಿಪರಿನ ಸ್ಪ್ರಿಂಗ್ ಹಗುರ ಮಾಡಿ ಲಿವರ್ ಒಳಗೂ ಒಂದು ಸ್ಪ್ರಿಂಗ್ ಇಟ್ಟಿತು. ಅಂಥ ಕ್ಯಾಲಿಪರನ್ನ ಸ್ಪ್ರಿಂಗ್ ಇಲ್ಲದ ಹಳೇ ಲಿವರಿಗೆ ಕಟ್ಟಿದ್ರೆ ಬ್ರೇಕ್ ಬಿಟ್ಟಾಗ ಸೋಮಾರಿ ಥರ ವಾಪಸ್ ಬರುತ್ತೆ, ವೈರ್ ನುಣುಪಾಗಿದ್ರೆ ಸಹಿಸ್ಕೋಬಹುದು. ಅದಕ್ಕಿಂತ ದೊಡ್ಡ ವಿಷಯ, ಡ್ಯುರಾ ಏಸ್ 7900 ಅನ್ನೋ ಬ್ರೇಕ್ ಗೇರ್ ಸೆಟ್ಟಿನ ಕಾಲದಿಂದ ಶಿಮಾನೋ ಲಿವರ್ ಎಳೆಯೋ ವೈರಿನ ಉದ್ದನೇ ಬದಲಾಯಿಸ್ತು. ಆ ಹೊಸ ಕ್ಯಾಲಿಪರಿಗೆ ಹಳೇ ಲಿವರ್ ಹಾಕಿದ್ರೆ ಬ್ರೇಕ್ ಅತಿಯಾಗಿ ಕಚ್ಚುತ್ತೆ, ಹೊಸ ಲಿವರಿಗೆ ಹಳೇ ಕ್ಯಾಲಿಪರ್ ಹಾಕಿದ್ರೆ ಹಿಡಿತ ಸೊರಗುತ್ತೆ. ಹಳೇ ಸೈಕಲ್ಲಿಗೆ ಅದರ ಹಿಂದಿನ ಪೀಳಿಗೆಯ ಡ್ಯುಯಲ್ ಪಿವಟ್ಟೇ ಸರಿ.

ಕ್ವಿಕ್ ರಿಲೀಸ್, ಅಂದ್ರೆ ಚಕ್ರ ತೆಗೆಯೋಕೆ ಬ್ರೇಕನ್ನ ಸಡಿಲ ಮಾಡೋ ಕೀಲು, ಎಲ್ಲಿದೆ ಅಂತನೂ ನೋಡಿ. ಹಳೇ ಸೆಂಟರ್ ಪುಲ್ ಕ್ಯಾಲಿಪರಲ್ಲೇ ಅದು ಇರಲ್ಲ, ಲಿವರಲ್ಲೋ ವೈರ್ ಹಿಡಿಯೋ ಹ್ಯಾಂಗರಲ್ಲೋ ಇರ್ತಿತ್ತು. ಏರೋ ಲಿವರಲ್ಲೂ ಸಾಮಾನ್ಯವಾಗಿ ಇರಲ್ಲ. ಎರಡೂ ಕಡೆ ಇಲ್ಲಾಂದ್ರೆ ಪಂಕ್ಚರ್ ಹಾಕಿ ಗಾಳಿ ತುಂಬಿದ ಚಕ್ರ ರಬ್ಬರ್ ನಡುವೆ ತೂರಲ್ಲ, ಆಗ ರಿಲೀಸ್ ಇರೋ ಹ್ಯಾಂಗರ್ ಹಾಕ್ಸಿ.

ಹ್ಯಾಂಡಲ್ ಮೇಲ್ಭಾಗದಿಂದ ಹಿಡಿಯೋಕೆ ಅಂತ ಹಳೇ ಲಿವರಿಗೆ ಅಂಟಿಸಿದ ಎರಡನೇ ಉದ್ದ ಕಡ್ಡಿ ಇದ್ಯಲ್ಲ, ಅದನ್ನ ತೆಗೆಸಿಬಿಡಿ. ಅದು ಬಾಗುತ್ತೆ, ಲಿವರ್ ಪೂರ್ತಿ ಎಳೆಯೋ ಮುಂಚೆನೇ ಹ್ಯಾಂಡಲಿಗೆ ತಾಗುತ್ತೆ, ಪಕ್ಕಾ ಬ್ರೇಕ್ ಬೇಕಾದಾಗಲೇ ಕೈಕೊಡುತ್ತೆ. ಅದರ ಪಿವಟ್ ಸ್ಕ್ರೂ ಉದ್ದ ಇರುತ್ತೆ, ತೆಗೆದ ಮೇಲೆ ಗಿಡ್ಡದು ಹಾಕ್ಬೇಕು. ಮೇಲಿಂದ ಹಿಡಿಯೋದು ಬೇಕೇ ಬೇಕು ಅನ್ನೋರಿಗೆ ಏರೋ ಲಿವರ್ ಜೊತೆ, ಔಟರ್ ನಡುವೆ ಕೂರೋ ಇಂಟರಪ್ಟರ್ ಲಿವರ್ ಇದೆ, ಅದು ಔಟರನ್ನೇ ತಳ್ಳಿ ಕೆಲಸ ಮಾಡುತ್ತೆ, ನಂಬಬಹುದು.

ಡಿಸ್ಕ್, ವಿ ಬ್ರೇಕ್, ಡ್ರಮ್

ರಿಮ್ಮಿನ ಎರಡು ಪಕ್ಕಕ್ಕೆ ಬೇರೆ ಬೇರೆ ತೋಳು ಕೂರೋ ವಿ ಬ್ರೇಕಿಗೂ ಕ್ಯಾಂಟಿಲಿವರಿಗೂ ಫ್ರೇಮ್ ಮೇಲೆ ಬೆಸೆದ ಗೂಟ ಬೇಕು, ಹಳೇ ರೋಡ್ ಫ್ರೇಮಲ್ಲಿ ಇರಲ್ಲ, ಬೆಸೆಸಿದ್ರೆ ಬಣ್ಣ ಸುಡುತ್ತೆ, ಮಾಮೂಲಿ ರೋಡ್ ಲಿವರ್ ವಿ ಬ್ರೇಕಿಗೆ ಬೇಕಾದಷ್ಟು ವೈರ್ ಎಳೆಯೋದೂ ಇಲ್ಲ. ಡಿಸ್ಕ್ ಬ್ರೇಕು ಫೋರ್ಕಿನ ಒಂದೇ ಕಾಲಿನ ಕೆಳತುದಿಗೆ ಪೂರಾ ಬಲ ಹಾಕುತ್ತೆ, ಹಳೇ ತೆಳು ಫೋರ್ಕ್ ಅದಕ್ಕಂತ ಮಾಡಿದ್ದಲ್ಲ, ಕ್ಲ್ಯಾಂಪ್ ಹಾಕಿ ಕೂರಿಸೋ ಜುಗಾಡ್ ಬೇಡ್ವೇ ಬೇಡ. ಸ್ಟರ್ಮಿ ಆರ್ಚರ್ ಕಂಪನಿಯ ಡ್ರಮ್ ಹಬ್ (ಬ್ರೇಕ್ ಹಬ್ ಒಳಗೇ ಇರೋದು) ಇದೆ, 70 ಮತ್ತು 90 ಎಂಎಂ ಅಳತೇಲಿ, ಮಳೆ ಕೆಸರು ಯಾವ್ದಕ್ಕೂ ಜಗ್ಗಲ್ಲ, ವರ್ಷಗಟ್ಟಲೆ ಮುಟ್ಟೋದೇ ಬೇಡ. ಆದ್ರೆ ಭಾರ, ಚಕ್ರ ಹೊಸದಾಗಿ ಕಟ್ಟಿಸ್ಬೇಕು, ಫೋರ್ಕಿಗೂ ಗಟ್ಟಿ ಕಾಲು ಬೇಕು. ದಿನಾ ಮಳೇಲಿ ಓಡಾಡೋ ದಪ್ಪ ಫೋರ್ಕಿನ ಸೈಕಲ್ಲಿಗೆ ಸರಿ, ಹಗುರ ರೇಸ್ ಸೈಕಲ್ಲಿಗೆ ಅಲ್ಲ.

ಹಾಗಾದ್ರೆ ಯಾರಿಗೆ ಯಾವ್ದು

ಕೈಲಿ ಸ್ವಲ್ಪನೇ ದುಡ್ಡಿದೆ, ಅಲ್ಯೂಮಿನಿಯಂ ರಿಮ್ ಇದೆ ಅನ್ನೋರು ರಬ್ಬರ್, ವೈರ್, ಔಟರ್ ಬದಲಾಯಿಸಿ ಕೆಲವು ವಾರ ಓಡ್ಸಿ ನೋಡಿ, ಬಹಳ ಜನಕ್ಕೆ ಅಲ್ಲಿಗೇ ಸಾಕಾಗುತ್ತೆ. ಸ್ಟೀಲ್ ರಿಮ್, ಮಳೇಲೂ ಓಡ್ಸ್ಬೇಕು ಅನ್ನೋರು ಕ್ಯಾಲಿಪರಿಗೆ ಇಟ್ಟ ದುಡ್ಡನ್ನ ರಿಮ್ಮಿಗೆ ಹಾಕಿ, ಮುಂದಿನ ಚಕ್ರ ಮಾತ್ರ ಮಾಡ್ಸಿದ್ರೂ ಆಗುತ್ತೆ, ಆದ್ರೆ 27 ಇಂಚಲ್ಲೇ ಮಾಡ್ಸಿ, ಇಲ್ಲಾಂದ್ರೆ ಎರಡು ಅಳತೆಯ ಟಯರ್ ಇಟ್ಕೊಳ್ಳೋ ಹಾಗಾಗುತ್ತೆ. ತೆಳು ಸೈಡ್ ಪುಲ್ ಇದ್ದು ಬೆಟ್ಟದ ಇಳಿಜಾರು ಇಳಿಯೋರು, ಬೆರಳಲ್ಲಿ ಬಲ ಕಮ್ಮಿ ಇರೋರು ಡ್ಯುಯಲ್ ಪಿವಟ್ ಜೊತೆಗೆ ಏರೋ ಲಿವರ್ರೂ ತಗೊಳ್ಳಿ, ಇದರಲ್ಲಿ ಅರ್ಧಂಬರ್ಧ ಬೇಡ, ಎರಡೂ ಸೇರಿದಾಗಲೇ ನಿಜವಾದ ವ್ಯತ್ಯಾಸ.

ಹಳೇ ರೂಪ ಕಾಪಾಡ್ಬೇಕು ಅನ್ನೋರು ಫೋರ್ಕ್ ಕೊರೆಯೋದನ್ನ ಬಿಟ್ಟು ಬಾಕಿ ಏನು ಮಾಡಿದ್ರೂ ವಾಪಸ್ ತರ್ಬಹುದು, ಬಿಚ್ಚಿದ ಭಾಗಗಳನ್ನ ಎಣ್ಣೆ ಸವರಿ ಎತ್ತಿಡಿ. ಇಟಲಿಯ ಟಸ್ಕನಿಯಲ್ಲಿ 1997ರಿಂದ ನಡೀತಿರೋ ಲೆರೋಯಿಕಾ ಥರದ ಹಳೇ ಸೈಕಲ್ ಸವಾರಿಗಳಿಗೆ ಹೋಗೋ ಆಸೆ ಇರೋರು ಏರೋ ಲಿವರ್ ಆಸೆ ಬಿಡ್ಬೇಕು, ಅಲ್ಲಿನ ನಿಯಮದಲ್ಲಿ ಬ್ರೇಕ್ ವೈರ್ ಹ್ಯಾಂಡಲ್ ಹೊರಗೇ ಕಾಣೋ ಹಾಗಿರ್ಬೇಕು. ಅಂಥವರಿಗೆ ಒಳ್ಳೇ ಸೆಂಟರ್ ಪುಲ್, ಸಾಲ್ಮನ್ ರಬ್ಬರ್, ಹೊಸ ವೈರ್, ಇದಕ್ಕಿಂತ ಒಳ್ಳೇ ಜೋಡಿ ಇಲ್ಲ.

ಯಾವ್ದೇ ಮಾಡ್ಸಿ, ರಸ್ತೆಗೆ ಇಳಿಯೋ ಮುಂಚೆ ನಿಂತಲ್ಲೇ ಎರಡೂ ಲಿವರನ್ನ ನಿಮ್ಮ ಕೈಲಾದಷ್ಟು ಬಲವಾಗಿ ಹತ್ತಿಪ್ಪತ್ತು ಸಲ ಹಿಡೀರಿ. ವೈರ್ ಕಚ್ಚೋ ನಟ್ಟಿನ ಹತ್ರ ವೈರ್ ಮೇಲೆ ಮಾರ್ಕರಲ್ಲಿ ಒಂದು ಗೆರೆ ಎಳೆದಿಟ್ರೆ ಜಾರಿದ್ರೆ ಗೊತ್ತಾಗುತ್ತೆ. ಟಾರ್ಕ್ ಪಾನಾ ಇರೋರಿಗೆ, ಶಿಮಾನೋ ಡ್ಯುಯಲ್ ಪಿವಟ್ಟಿಗೆ ಫೋರ್ಕಿನ ಬೋಲ್ಟ್ 8ರಿಂದ 10, ವೈರ್ ನಟ್ 6ರಿಂದ 8, ರಬ್ಬರ್ ಬೋಲ್ಟ್ 5ರಿಂದ 7 ನ್ಯೂಟನ್ ಮೀಟರ್. ಮೊದಲ ಕೆಲವು ಸವಾರಿ ಆದ್ಮೇಲೆ ಔಟರ್ ಒತ್ತಿ ಕೂತು ವೈರ್ ಸಡಿಲ ಆಗುತ್ತೆ, ಅಡ್ಜಸ್ಟರ್ ತಿರುಗಿಸಿ ಅಷ್ಟೂ ಎಳ್ಕೊಳ್ಳಿ, ಫೋರ್ಕಿನ ಹಿಂದಿನ ನಟ್ಟಿಗೂ ಒಂದ್ಸಲ ಪಾನಾ ಹಾಕಿ ನೋಡಿ. ಹೊಸ ಹಿಡಿತ ಕೈಗೆ ಅಭ್ಯಾಸ ಆಗೋವರೆಗೂ ಮುಂದಿನ ಬ್ರೇಕನ್ನ ಒಮ್ಮೆಲೇ ಜಗ್ಗದೇ ಖಾಲಿ ರಸ್ತೇಲಿ ನಿಧಾನಕ್ಕೆ ಒತ್ತಡ ಏರಿಸ್ತಾ ಹಿಡಿದು ಕಲೀರಿ.